ಆಯ್ದ ಓದು, ಒದಗಿದ ಓದು

ಓದಿನ ಹವ್ಯಾಸವುಳ್ಳವನೊಬ್ಬನು ತನ್ನ ಇತ್ತೀಚಿನ ಓದನ್ನು ಕುರಿತು ಬರೆಯಹೊರಟರೆ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗುತ್ತದೆ. ಇದರಲ್ಲಿ ಸಂಶೋಧನೆ ಎಲ್ಲಿದೆಯೆಂದು ವಿದ್ವಾಂಸರು ಕೇಳುವರು. ನಿಮ್ಮ ಓದಿನಿಂದ ನಮಗೇನು ಪ್ರಯೋಜನವೆಂದು ಸಾಮಾನ್ಯ ವಾಚಕರು ಕೇಳುವರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಶಾಸನ, ಛಂದಸ್ಸು, ಗ್ರಂಥಸಂಪಾದನೆಗಳನ್ನು ಕುರಿತ ಪ್ರಬಂಧಗಳ ನಡುವೆ ಇಂಥ ಬಿಡಿ ಆಲೋಚನೆಗಳಿಗೆ ಸ್ಥಾನ ಬೇಡಲು ನನಗೂ ಸಂಕೋಚವುಂಟು. ಆದರೂ ಒಂದು ಸಮಾಧಾನವನ್ನು ಹೇಳಿಕೊಳ್ಳಬಹುದು. ಒಂದು ಕಾವ್ಯದ ಬೇರೆ ಬೇರೆ ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುವ ಶಿಸ್ತನ್ನು ನಾವು ಹಿರಿಯರಿಂದ ಕಲಿತಿದ್ದೇವೆ. ಒಂದೇ ಕೃತಿಯನ್ನು ಕುರಿತು ಒಬ್ಬನೇ ಓದುಗನ ಮನಸ್ಸಿನಲ್ಲಿ ಕಾಲಕಾಲಕ್ಕೆ ಮೂಡುವ ಅಭಿಪ್ರಾಯಗಳಿಗೂ ಪಾಠಾಂತರಗಳಿರುತ್ತವೆ. ಅವುಗಳನ್ನು ಪ್ರಾಮಾಣಿಕವಾಗಿ ಎದುರುಬದುರಾಗಿಟ್ಟು ನೋಡುವುದೂ ವಿಮರ್ಶೆಯ ಕೆಲಸವೇ. ಈ ಲೇಖನದಲ್ಲಿ ನಾನು ಮಾಡಹೊರಟಿರುವುದು ಅಷ್ಟನ್ನೇ.

ಓದಿದ ಕತೆ ಕಾದಂಬರಿಗಳನ್ನು ಕುರಿತು ಒಂದೆರಡು ಪಂಕ್ತಿಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವುದು ನನ್ನ ಹಳೆಯ ರೂಢಿ. 2025ರ ಮೇ 20ರಂದು ಶ್ರೀಮತಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದವಾದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಘೋಷಿತವಾಯಿತು. ಅನುವಾದಿಸಿದವರು ಶ್ರೀಮತಿ ದೀಪಾ ಭಾಸ್ತಿ. 1990ರಿಂದ 2023ರವರೆಗಿನ ಅವಧಿಯಲ್ಲಿ ರಚಿತವಾದ ಹನ್ನೆರಡು ಕತೆಗಳು ಅದರಲ್ಲಿವೆ. ಸಣ್ಣಕತೆಗಳ ಸಂಕಲನವೊಂದಕ್ಕೆ ಈ ಪ್ರಶಸ್ತಿ ದೊರೆತದ್ದು ಅದೇ ಮೊದಲು. ಕನ್ನಡಕ್ಕೆ ದೊರೆತದ್ದೂ ಅದೇ ಮೊದಲು. ಸುದ್ದಿಯನ್ನು ಕೇಳಿ ಎಲ್ಲರಂತೆ ನಾನೂ ಹಿಗ್ಗಿದೆನು. ಆ ಹಿಗ್ಗಿನಲ್ಲಿಯೇ ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡಿದೆನು. ತೊಂಬತ್ತರ ದಶಕದಲ್ಲಿ, ಪತ್ರಿಕೆಯೊಂದರಲ್ಲಿ ಬೇರೆ ಯಾವುದೋ ಲೇಖನವನ್ನು ಹುಡುಕುತ್ತಿದ್ದಾಗ ಇವರ ಕತೆಯೊಂದು ಕಣ್ಣಿಗೆ ಬಿದ್ದು, ಆಮೇಲೆ ಇನ್ನು ಕೆಲವನ್ನೂ ಓದಿ, ಎಲ್ಲಕ್ಕೂ ಸೇರಿಸಿ ನಾನು ಬರೆದಿಟ್ಟಿದ್ದ ತೀರ್ಪು ಒಂದೇ ಸಾಲಿನದು: ‘ವಸ್ತು ಪ್ರಬಲವಾಗಿದೆ, ಕಲೆಗಾರಿಕೆ ಸಾಲದು.’

ಈ ಸಾಲು ನನ್ನನ್ನು ಬಹುವಾಗಿ ಕಾಡಿತು. ಪ್ರಶಸ್ತಿ ಬಂದುದರಿಂದಲೇ ನನ್ನ ತೀರ್ಪು ತಪ್ಪೆಂದು ಹೇಳುವಂತಿಲ್ಲ. ಪ್ರಶಸ್ತಿಗಳು ವಿಮರ್ಶೆಯ ಪ್ರಮಾಣಗಳಲ್ಲ. ಆದುದರಿಂದ ಕತೆಗಳನ್ನು ಮತ್ತೆ ಕನ್ನಡದಲ್ಲಿಯೇ ಓದಿ ನೋಡಿದೆನು. ‘ಕರಿ ನಾಗರಗಳು’ ಎಂಬ ಕತೆಯನ್ನೇ ತೆಗೆದುಕೊಳ್ಳೋಣ. ಶ್ರೀ ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಲನಚಿತ್ರಕ್ಕೆ ಆಧಾರವಾದ ಕತೆ ಇದು. ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ಗಂಡನಿಂದ ತ್ಯಕ್ತಳಾದ ಹೆಂಗಸೊಬ್ಬಳು ಮಸೀದಿಯ ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ, ನ್ಯಾಯ ಸಿಕ್ಕುವುದಿಲ್ಲ, ಕಾಯಿಲೆಯ ಮಗು ತೀರಿಹೋಗುತ್ತದೆ, ಊರ ಹೆಂಗಸರು ಮುತವಲ್ಲಿಗೆ ಶಾಪ ಹಾಕುತ್ತಾರೆ. ಇಷ್ಟನ್ನು ಕತೆಯೆಂದು ತಿಳಿದು ನಾನು ‘ವಸ್ತು ಪ್ರಬಲ’ ಎಂದು ಬರೆದಿದ್ದೆನು. ಆದರೆ ಕತೆ ಮುಗಿಯುವುದು ಅಲ್ಲಲ್ಲ. ಈವರೆಗೆ ಹಿನ್ನೆಲೆಯಲ್ಲಿದ್ದ ಮುತವಲ್ಲಿಯ ಹೆಂಡತಿ, ಹೆರಿಗೆಯ ಮೇಲೆ ಹೆರಿಗೆಯಿಂದ ಬಳಲಿದವಳು, ಇನ್ನು ಮಕ್ಕಳಾಗದಂತೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಲು ಹೊರಟುನಿಲ್ಲುತ್ತಾಳೆ. ಬೀದಿಯಲ್ಲಿ ಸೋತ ಹೆಣ್ಣಿನ ನ್ಯಾಯವು ಮನೆಯೊಳಗಿನ ಇನ್ನೊಬ್ಬ ಹೆಣ್ಣಿನ ನಿರ್ಧಾರವಾಗಿ ತಿರುಗುತ್ತದೆ. ಕತೆಯ ಕೇಂದ್ರವು ಸದ್ದಿಲ್ಲದೆ ಒಬ್ಬಳಿಂದ ಇನ್ನೊಬ್ಬಳಿಗೆ ಸರಿಯುವ ಈ ಬಗೆಯೇ ಅದರ ಕಲೆಗಾರಿಕೆ. ನಾನು ಸಾಲದೆಂದದ್ದು ಇದ್ದಲ್ಲಿಯೇ ಇತ್ತು. ಕಾಣದೆ ಹೋದದ್ದು ನನ್ನ ಕಣ್ಣಿಗೆ.

‘ಎದೆಯ ಹಣತೆ’ ಎಂಬ ಕತೆಯೂ ಹೀಗೆಯೇ. ಗಂಡನ ದ್ರೋಹದಿಂದ ನೊಂದು ತವರಿಗೆ ಬಂದವಳನ್ನು ತವರಿನವರೇ ಹಿಂದಕ್ಕೆ ಕರೆದೊಯ್ದು ಬಿಡುತ್ತಾರೆ. ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಂಡು ಸಾಯಹೊರಟಾಗ ತಡೆಯುವವಳು ಅವಳ ಹಿರಿಯ ಮಗಳು. ಈ ಸಂದರ್ಭವನ್ನು ಹೀಗೆ ಸಂಗ್ರಹಿಸಿ ಹೇಳಿದರೆ ಅದೊಂದು ಕರುಣಾಜನಕ ವಾರ್ತೆಯಂತೆ ತೋರುವುದು ನಿಜ. ಆದರೆ ಕತೆಯಲ್ಲಿ ಬಲವಾಗಿ ನಿಲ್ಲುವುದು ಸಾವಿನ ಭೀತಿಯಲ್ಲ. ತವರುಮನೆಯವರ ಮರ್ಯಾದೆಯ ಲೆಕ್ಕಾಚಾರ. ಅವರು ದುಷ್ಟರಲ್ಲ, ತಮ್ಮ ತಿಳಿವಳಿಕೆಯಂತೆ ಸರಿಯಾದುದನ್ನೇ ಮಾಡುವವರು. ಕೇಡನ್ನು ಕೇಡಿಗರಿಂದ ಮಾಡಿಸುವುದು ಸುಲಭ. ಗೃಹಸ್ಥರಿಂದ, ಅವರ ಸಹಜವಾದ ಮಾತುಗಳಲ್ಲಿಯೇ, ಮಾಡಿಸಿ ತೋರಿಸುವುದು ಕಷ್ಟ. ಹಾಗಾದರೆ ಮೊದಲ ಓದಿನಲ್ಲಿ ಇದೇಕೆ ತೋರಲಿಲ್ಲ? ಯೋಚಿಸಿದರೆ ಉತ್ತರ ಹೊಳೆಯುತ್ತದೆ. ಲೇಖಕಿಯ ಹೆಸರನ್ನು ನೋಡಿದ ಕೂಡಲೇ ನನ್ನ ಮನಸ್ಸು ಆ ಕತೆಗಳಿಗೆ ಒಂದು ಪಂಗಡದ ಹೆಸರನ್ನು ಕೊಟ್ಟು, ಆ ಪಂಗಡದ ಬರಹದಿಂದ ಏನನ್ನು ನಿರೀಕ್ಷಿಸಬೇಕೋ ಅದನ್ನು ಮಾತ್ರ ಪಡೆದು ತೃಪ್ತವಾಗಿತ್ತು. ಸಮಾಜದ ಸಾಕ್ಷ್ಯವನ್ನು ಬಯಸಿದವನಿಗೆ ಸಾಕ್ಷ್ಯ ದೊರೆಯಿತು. ಕತೆಯನ್ನು ನಾನು ಬಯಸಿಯೇ ಇರಲಿಲ್ಲ.

ಈ ಅನುಭವದಿಂದ ನನ್ನ ಮನಸ್ಸಿಗೆ ಬಂದ ವಿಚಾರವನ್ನು ಇಲ್ಲಿ ನಿವೇದಿಸುತ್ತೇನೆ. ನಮ್ಮ ಓದಿನಲ್ಲಿ ಎರಡು ವಿಧಗಳುಂಟು. ಇಂಥದನ್ನು ಓದಬೇಕೆಂದು ನಿಶ್ಚಯಿಸಿ, ಹುಡುಕಿ, ಕೊಂಡು ಓದುವುದು ಆಯ್ದ ಓದು. ಬೇರೆ ಯಾವುದನ್ನೋ ಅರಸುತ್ತಿರುವಾಗ ತಾನಾಗಿ ಎದುರಿಗೆ ಬಂದು ನಿಲ್ಲುವುದು ಒದಗಿದ ಓದು. ಮೊದಲನೆಯದಕ್ಕೆ ಪುಸ್ತಕವೂ ಎರಡನೆಯದಕ್ಕೆ ಪತ್ರಿಕೆಯೂ ಸಹಜವಾದ ನೆಲೆಗಳು. ಆಯ್ದ ಓದು ನಮ್ಮ ಅಭಿರುಚಿಯನ್ನು ಆಳಗೊಳಿಸುತ್ತದೆ. ಒದಗಿದ ಓದು ಅದನ್ನು ಅಗಲಗೊಳಿಸುತ್ತದೆ. ಅದರ ಇನ್ನೊಂದು ಗುಣ ಇದಕ್ಕಿಂತ ಮುಖ್ಯವಾದುದು: ಪತ್ರಿಕೆಯಲ್ಲಿ ಬಂದ ಕತೆಯನ್ನು ಕುರಿತು ಯಾರೂ ಇನ್ನೂ ಏನನ್ನೂ ಹೇಳಿರುವುದಿಲ್ಲ. ಅದು ಒಳ್ಳೆಯದೋ ಅಲ್ಲವೋ ಎಂಬುದನ್ನು ಓದುಗನು ಒಬ್ಬಂಟಿಯಾಗಿ ನಿರ್ಣಯಿಸಬೇಕು. ನನ್ನ ಆ ಒಂದು ಸಾಲಿನ ತೀರ್ಪು ತಪ್ಪಾಗಿತ್ತು, ಆದರೂ ನನ್ನದಾಗಿತ್ತು. ಆದುದರಿಂದಲೇ ಇಂದು ಅದನ್ನು ತಿದ್ದಿಕೊಳ್ಳಲು ಸಾಧ್ಯವಾಯಿತು. ಎರವಲು ತಂದ ಅಭಿಪ್ರಾಯವನ್ನು ಬದಲಾಯಿಸಬಹುದು, ತಿದ್ದಲು ಬರುವುದಿಲ್ಲ.

ಕನ್ನಡದ ಆಧುನಿಕ ಸಾಹಿತ್ಯವು ಬಹುಮಟ್ಟಿಗೆ ಒದಗಿದ ಓದಿನ ಆಶ್ರಯದಲ್ಲಿಯೇ ಬೆಳೆದುದು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಶ್ರೀ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ದಲ್ಲಿ ಪಾಂಡಿತ್ಯವೂ ಹೊಸ ಕವಿತೆಯೂ ಒಂದೇ ರಕ್ಷಾಪತ್ರದೊಳಗೆ ಬಂದವು. ಮಾಸ್ತಿಯವರು ದೀರ್ಘಕಾಲ ‘ಜೀವನ’ ಪತ್ರಿಕೆಯನ್ನು ನಡೆಸಿದರು. ಅಡಿಗರು ‘ಸಾಕ್ಷಿ’ಯನ್ನು ನಡೆಸಿದರು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ಯ ಉದಾಹರಣೆ ನನಗೆ ಹೆಚ್ಚು ಆಪ್ತವಾದುದು. ಹಳೆಯ ಸಂಚಿಕೆಗಳ ಕಟ್ಟು ನಮ್ಮ ಮನೆಯ ಅಟ್ಟದ ಮೇಲಿತ್ತು. ಸಂಚಿಕೆಯ ಕೊನೆಯಲ್ಲಿ ಸಂಗ್ರಹರೂಪದಲ್ಲಿ ಬರುತ್ತಿದ್ದ ಪುಸ್ತಕಕ್ಕಾಗಿ ಹುಡುಗನಾದ ನಾನು ಅದನ್ನು ಬಿಡಿಸುತ್ತಿದ್ದೆನು. ಅಲ್ಲಿಗೆ ತಲಪುವ ದಾರಿಯಲ್ಲಿ ಶ್ರೀ ಪಾ. ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಎದುರಾಗುತ್ತಿತ್ತು. ದಿನಬಳಕೆಯ ಒಂದು ಮಾತು ಎಲ್ಲಿಂದ ಹೊರಟು ಎಲ್ಲಿಗೆ ಬಂದಿತೆಂಬುದನ್ನು ಅವರು ಹರಟೆಯ ಸಲುಗೆಯಿಂದ ಹೇಳುತ್ತಿದ್ದರು. ಶಬ್ದಾರ್ಥವಿಚಾರವನ್ನು ಓದುತ್ತೇನೆಂದು ಸಂಕಲ್ಪಿಸಿ ಯಾವ ಹುಡುಗನೂ ಪತ್ರಿಕೆಯನ್ನು ತೆರೆಯುವುದಿಲ್ಲ. ಭಾಷಾವಿಚಾರದಲ್ಲಿ ನನಗಿರುವ ಅಲ್ಪ ಆಸಕ್ತಿಗೆ ತರಗತಿಗಿಂತ ಆ ದಾರಿಯೇ ಹೆಚ್ಚು ಕಾರಣ.

ಪುಸ್ತಕ ಪ್ರಕಾಶನದಲ್ಲಿಯೂ ಈ ತತ್ತ್ವವನ್ನು ಕಂಡುಕೊಂಡವರಿದ್ದರು. ಧಾರವಾಡದಲ್ಲಿ ಶ್ರೀ ಜಿ. ಬಿ. ಜೋಶಿಯವರು 1933ರಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ನಡೆದುದು. ಚಂದಾದಾರನು ಪುಸ್ತಕವನ್ನು ಆಯುವುದಿಲ್ಲ, ಮಾಲೆಯನ್ನು ನಂಬುತ್ತಾನೆ. ಮುಂದೆ ಬರುವ ಪುಸ್ತಕ ಯಾವುದೆಂದು ತಿಳಿಯುವುದಕ್ಕೆ ಮೊದಲೇ ಹಣವನ್ನು ಕೊಟ್ಟಿರುತ್ತಾನೆ. ಇಂಥ ಮಾಲೆಯಲ್ಲಿ 1961ರಲ್ಲಿ ಶ್ರೀ ಗಿರೀಶ ಕಾರ್ನಾಡರ ‘ಯಯಾತಿ’ ಬಂದಿತು; 1965ರಲ್ಲಿ ಶ್ರೀ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಬಂದಿತು. 1969ರಲ್ಲಿ ಶ್ರೀ ಎ. ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂದಿತು. ಮೂವರೂ ಆಗ ತರುಣರು. ಅಗ್ರಹಾರದ ಆಚಾರವಂತ ಗೃಹಸ್ಥನೊಬ್ಬನು ಆ ಕಾಲದಲ್ಲಿ ಚಂದಾದಾರನಾಗಿದ್ದನೆಂದು ಭಾವಿಸೋಣ. ‘ಸಂಸ್ಕಾರ’ವನ್ನು ಅವನು ಅಂಗಡಿಯಲ್ಲಿ ಹುಡುಕಿ ಕೊಳ್ಳುತ್ತಿರಲಿಲ್ಲ. ಅಂಚೆಯಲ್ಲಿ ಮನೆಗೇ ಬಂದಾಗ ಬಿಡಿಸಿ ನೋಡದೆ ಇರಲಾರನು. ಓದಿ ಸಿಟ್ಟಾಗಬಹುದು, ಬೆರಗಾಗಬಹುದು, ಆದರೆ ಆ ಕೃತಿಯೊಡನೆ ಅವನ ಮುಖಾಮುಖಿ ನಡೆದೇ ನಡೆಯುವುದು. ಒಂದು ಸಾಹಿತ್ಯಕ್ಕೆ ಮೆಚ್ಚುವವರಷ್ಟೇ ಸಾಲದು; ಮೆಚ್ಚದವರು ಓದುವುದೂ ಬೇಕು.

ಹಾಗೆಂದ ಮಾತ್ರಕ್ಕೆ ಒದಗಿದ ಓದನ್ನು ವೈಭವೀಕರಿಸಬಾರದು. ಪತ್ರಿಕೆಯ ಪುಟಗಳಲ್ಲಿ ಕಾಳಿಗಿಂತ ಜೊಳ್ಳು ಹೆಚ್ಚೆಂಬುದು ಅನುಭವವೇದ್ಯ. ಅಲ್ಲದೆ ನಮಗೆ ಏನು ಒದಗಬೇಕೆಂಬುದನ್ನು ಸಂಪಾದಕನು ನಿರ್ಧರಿಸುತ್ತಾನೆ. ಅವನ ಅಭಿರುಚಿಗೂ ಜಾತಿ, ವರ್ಗ, ಶಿಕ್ಷಣಗಳ ಗಡಿಗಳಿರುತ್ತವೆ. ನವ್ಯರ ಪತ್ರಿಕೆಗಳಲ್ಲಿ ಎಡೆ ಕಾಣದ ದನಿಗಳು ಬಹಳವಿದ್ದುದರಿಂದಲೇ 1973ರಲ್ಲಿ ‘ಶೂದ್ರ’ದಂಥ ಪತ್ರಿಕೆ ಹುಟ್ಟಬೇಕಾಯಿತು. ಬಾನು ಮುಷ್ತಾಕರ ಮೊದಲ ಕತೆಯನ್ನು ಪ್ರಕಟಿಸಿದುದು ಜನಪ್ರಿಯ ಪತ್ರಿಕೆಯಾದ ‘ಪ್ರಜಾಮತ’ವೆಂಬುದನ್ನೂ ಇಲ್ಲಿ ನೆನೆಯಬೇಕು, ಮುಂದೆ ಅವರು ಶ್ರೀ ಪಿ. ಲಂಕೇಶರ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ಕೆಲಸಮಾಡಿದರು. ವಿಶ್ವವಿದ್ಯಾಲಯದ ಗಂಭೀರ ಪತ್ರಿಕೆಗಳು ಕಾಣುವ ಮೊದಲೇ ಮನೆಮನೆಯ ಪತ್ರಿಕೆ ಅವರನ್ನು ಕಂಡಿತ್ತು. ಒಂದು ಪತ್ರಿಕೆ ಬಾಗಿಲು ಹಾಕಿದಾಗ ಇನ್ನೊಂದು ತೆರೆಯುತ್ತದೆಂಬ ಭರವಸೆ ಇದ್ದಷ್ಟು ಕಾಲ ಈ ದೋಷವು ಸಹ್ಯವಾಗಿತ್ತು. ಪತ್ರಿಕೆಗಳು ಹಲವಾಗಿರುವುದೇ ಅದಕ್ಕೆ ಪರಿಹಾರ.

ಇನ್ನು ಈಚಿನ ಎರಡು ಪುಸ್ತಕಗಳ ಮಾತು. ಶ್ರೀ ವಿವೇಕ ಶಾನಭಾಗರು 2005ರಿಂದ ಏಳು ವರ್ಷ ‘ದೇಶ ಕಾಲ’ ಎಂಬ ತ್ರೈಮಾಸಿಕವನ್ನು ನಡೆಸಿದರು. ಅದರ ಚಂದಾದಾರನಾಗಿದ್ದ ನನಗೆ, 2013ರಲ್ಲಿ ಅವರ ‘ಘಾಚರ್ ಘೋಚರ್’ ಬಂದಾಗ, ಪರಿಚಿತ ಸಂಪಾದಕರ ಪುಸ್ತಕವೆಂಬ ಒಂದೇ ಕಾರಣವು ಕೊಳ್ಳಲು ಸಾಕಾಯಿತು. ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದವೂ ಹೊರದೇಶಗಳ ಪ್ರಶಂಸೆಯೂ ಆಮೇಲಿನವು. ಚಿಕ್ಕಪ್ಪನ ಸಾಂಬಾರಪುಡಿಯ ವ್ಯಾಪಾರದಿಂದ ದಿಢೀರನೆ ಸಿರಿ ಕಂಡ ಕುಟುಂಬವೊಂದರ ಕತೆಯದು. ದುಡಿಯುವವನು ಒಬ್ಬ, ಉಣ್ಣುವವರು ಎಲ್ಲರೂ, ಆದುದರಿಂದ ಅವನ ವಿಷಯದಲ್ಲಿ ಎಲ್ಲರೂ ಮೌನಿಗಳು. ನನ್ನ ಅಂದಿನ ಟಿಪ್ಪಣಿ ಹೀಗಿದೆ: ‘ಹಳೆಯ ಮನೆಯಲ್ಲಿ ಇರುವೆಗಳನ್ನು ಕೊಲ್ಲುತ್ತಿದ್ದ ಕೈಗಳು ಹೊಸ ಮನೆಯಲ್ಲಿ ಏನು ಮಾಡಿಯಾವು? ಲೇಖಕರು ಹೇಳುವುದಿಲ್ಲ, ನಮಗೆ ತಿಳಿಯದೆಯೂ ಇರುವುದಿಲ್ಲ.’ ಇಂದಿಗೂ ಈ ಮಾತನ್ನು ನಾನು ಬದಲಿಸಲಾರೆ. ಕತೆಯನ್ನು ಹೇಳುವವನು ಹೆಸರಿಲ್ಲದವನು. ಅವನು ಸುಳ್ಳು ಹೇಳುವುದಿಲ್ಲ, ಹೇಳಬೇಕಾದಲ್ಲಿ ನಿಲ್ಲಿಸಿಬಿಡುತ್ತಾನೆ. ನಿಲ್ಲಿಸಿದ ಜಾಗಗಳಲ್ಲಿಯೇ ಕತೆಯ ಅರ್ಥವು ಸಂಗ್ರಹವಾಗುತ್ತದೆ. ಧ್ವನಿಯೆಂಬ ನಮ್ಮ ಅಲಂಕಾರಶಾಸ್ತ್ರದ ಮಾತಿಗೆ ಗದ್ಯದಲ್ಲಿ ಇಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ.

ಶ್ರೀ ವಸುಧೇಂದ್ರರ ‘ತೇಜೋ ತುಂಗಭದ್ರಾ’ 2019ರಲ್ಲಿ ಪ್ರಕಟವಾದ ದೊಡ್ಡ ಕಾದಂಬರಿ. ಇದು ನನಗೆ ಪೂರ್ತಿಯಾಗಿ ಆಯ್ದ ಓದು. ವಿಜಯನಗರದ ಇತಿಹಾಸದಲ್ಲಿ ಆಸಕ್ತಿಯಿದ್ದುದರಿಂದ, ತುಂಗಭದ್ರೆಯ ದಡದ ಕತೆಗಾಗಿ ಕೊಂಡುಕೊಂಡೆನು. ಆದರೆ ಕಾದಂಬರಿಯು ತೇಜೋ ನದಿಯ ದಡದ ಲಿಸ್ಬನ್ ನಗರಕ್ಕೂ ಹೋಗಿ, ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಯ ಯಹೂದ್ಯರು ಪಟ್ಟ ಪಾಡನ್ನು ವಿವರಿಸತೊಡಗಿದಾಗ, ನನ್ನ ತಾಳ್ಮೆ ತಪ್ಪಿತು. ಕೆಲವು ಪುಟಗಳನ್ನು ಹಾರಿಸಿ ಹಂಪಮ್ಮನ ಊರನ್ನು ಸೇರಿದೆನು. ಅಲ್ಲಿ ಸಹಗಮನದ ಪ್ರಸಂಗಗಳು ಬಂದವು. ಧರ್ಮದ ಹೆಸರಿನಲ್ಲಿ ಮನುಷ್ಯರನ್ನು ಬೆಂಕಿಗೆ ನಡೆಸುವ ಜನಸಮೂಹವನ್ನು ಕಂಡು, ಹಾರಿಸಿದ ಪುಟಗಳಿಗೆ ಮರಳಬೇಕಾಯಿತು. ಎರಡು ನದಿಗಳ ಹೆಸರನ್ನು ಲೇಖಕರು ಸುಮ್ಮನೆ ಜೋಡಿಸಿಲ್ಲ. ನಮ್ಮ ದಡದ ಕ್ರೌರ್ಯವು ನಮಗೆ ಆಚಾರವಾಗಿ ಕಾಣುತ್ತದೆ. ಅದು ಕ್ರೌರ್ಯವೆಂದು ತಿಳಿಯಲು ಇನ್ನೊಂದು ದಡದ ಕತೆ ಬೇಕು. ವಿವರಗಳ ಹೊರೆ ಈ ಕಾದಂಬರಿಯಲ್ಲಿ ಅಲ್ಲಲ್ಲಿ ಹೆಚ್ಚಾಗಿದೆಯೆಂಬ ನನ್ನ ಆಕ್ಷೇಪ ಈಗಲೂ ಇದೆ. ಆದರೆ ಒಂದು ಪಾಠವನ್ನು ಕಲಿತೆನು. ಒಳ್ಳೆಯ ಪುಸ್ತಕವನ್ನು ನಾವು ಆಯ್ದುಕೊಂಡರೂ ಅದರೊಳಗೆ ನಾವು ಆಯದೆ ಇದ್ದುದು ಅವಿತಿರುತ್ತದೆ. ಬಯಸಿದ್ದನ್ನು ಮಾತ್ರ ಕೊಡುವ ಪುಸ್ತಕವು ಎರಡನೆಯ ದರ್ಜೆಯದು. ಬಯಸಿದ್ದನ್ನು ಮಾತ್ರ ಅದರಿಂದ ತೆಗೆದುಕೊಳ್ಳುವ ಓದುಗನೂ ಅದೇ ದರ್ಜೆಯವನು.

ಈಗ ಒದಗಿದ ಓದಿನ ಸ್ಥಿತಿ ಹೇಗಿದೆ? ಮೇಲುನೋಟಕ್ಕೆ ಅದು ಹಿಂದೆಂದೂ ಇಲ್ಲದಷ್ಟು ಹೆಚ್ಚಿದೆಯೆಂದು ತೋರಬಹುದು. ಕೈಯಲ್ಲಿರುವ ಮೊಬೈಲಿನ ಪರದೆಯನ್ನು ಮುಟ್ಟಿದರೆ ಕೇಳದ ಬರಹಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಆದರೆ ಅವು ನಿಜವಾಗಿ ಒದಗಿದವಲ್ಲ. ನಿನ್ನೆ ನಾವು ಮೆಚ್ಚಿದ್ದೇನೆಂಬುದನ್ನು ಯಂತ್ರವು ಲೆಕ್ಕವಿಟ್ಟು, ಅದರಂಥದನ್ನೇ ಇಂದು ಮುಂದಿಡುತ್ತದೆ. ನಮ್ಮ ಆಯ್ಕೆಯೇ ವೇಷ ಬದಲಿಸಿ ಆಕಸ್ಮಿಕದ ಹಾಗೆ ಬರುತ್ತದೆ. ಹಳೆಯ ಸಂಪಾದಕನು ನಮ್ಮನ್ನು ಅರಿಯದವನು. ಆದುದರಿಂದಲೇ ನಮಗೆ ಬೇಡವಾದುದನ್ನು ಕೊಡಬಲ್ಲವನಾಗಿದ್ದನು. ಇನ್ನೊಂದೆಡೆ ಪ್ರಶಸ್ತಿಗಳು ಪುಸ್ತಕಗಳನ್ನು ನಮ್ಮೆದುರಿಗೆ ತಂದಿಡುತ್ತವೆ. ಇದು ಒಳ್ಳೆಯದೇ, ಆದರೆ ತೀರ್ಪನ್ನೂ ಜೊತೆಯಲ್ಲಿಯೇ ತರುತ್ತವೆ. ‘ಹಾರ್ಟ್ ಲ್ಯಾಂಪ್’ ಪ್ರಶಸ್ತಿಯ ಅನಂತರ ಆ ಕತೆಗಳನ್ನು ಮೊದಲ ಸಲ ಓದುವ ಕನ್ನಡಿಗನಿಗೆ, ಅವು ಒಳ್ಳೆಯವೇ ಎಂದು ಕೇಳುವ ಸ್ವಾತಂತ್ರ್ಯ ಉಳಿದಿಲ್ಲ. ಏಕೆ ಒಳ್ಳೆಯವೆಂದು ಕೇಳುವುದಷ್ಟೇ ಉಳಿದಿದೆ. ಮೂವತ್ತು ವರ್ಷ ನಮ್ಮ ಮನೆಯ ಜಗಲಿಯ ಮೇಲೆಯೇ ಕುಳಿತಿದ್ದವರನ್ನು ಲಂಡನ್ನಿನವರು ಪರಿಚಯಿಸಿಕೊಟ್ಟ ಮೇಲೆ ಒಳಗೆ ಕರೆದಂತಾಯಿತು. ಅತಿಥಿಗೆ ಇದರಿಂದ ಕುಂದಿಲ್ಲ. ಕುಂದು ಮನೆಯವರದು, ಅವರಲ್ಲಿ ನಾನೂ ಒಬ್ಬನು.

ನಮ್ಮ ಕಾಲೇಜುಗಳ ಸಂಗತಿಯನ್ನು ಹೇಳದೆ ಈ ಮಾತು ಪೂರ್ಣವಾಗದು. ವಿದ್ಯಾರ್ಥಿಗೆ ಮೂರನೆಯ ಬಗೆಯ ಓದೊಂದುಂಟು. ಅದು ವಿಧಿಸಿದ ಓದು. ಪಠ್ಯಪುಸ್ತಕವು ಅವನು ಆಯ್ದುದಲ್ಲ, ಆಕಸ್ಮಿಕವಾಗಿ ಒದಗಿದುದೂ ಅಲ್ಲ. ಅದು ಒಳ್ಳೆಯದೆಂಬ ತೀರ್ಮಾನ ಪಠ್ಯಸಮಿತಿಯಲ್ಲಿ ಆಗಿಹೋಗಿದೆ. ಅಧ್ಯಾಪಕರಾದ ನಾವು ಆ ತೀರ್ಮಾನಕ್ಕೆ ಕಾರಣಗಳನ್ನು ಒದಗಿಸುತ್ತೇವೆ; ವಿದ್ಯಾರ್ಥಿಯು ಅವುಗಳನ್ನು ಪರೀಕ್ಷೆಯಲ್ಲಿ ಹಿಂದಿರುಗಿಸುತ್ತಾನೆ. ಎರಡು ಮೂರು ವರ್ಷ ಸಾಹಿತ್ಯವನ್ನು ಅಭ್ಯಾಸಮಾಡಿ ಪದವಿ ಪಡೆದವನೊಬ್ಬನು, ಯಾರೂ ಇನ್ನೂ ಮಾತನಾಡದ ಒಂದು ಕತೆಯನ್ನು ಓದಿ, ಇದು ನನಗೆ ಹೀಗೆ ತೋರಿತೆಂದು ಒಮ್ಮೆಯೂ ಹೇಳದೆ ಹೊರಗೆ ಹೋಗುವುದು ಸಾಧ್ಯವಿದೆ. ವಿಮರ್ಶೆಯ ತತ್ತ್ವಗಳನ್ನು ಅವನು ಚೆನ್ನಾಗಿ ಬಲ್ಲನು. ವಿಮರ್ಶೆಯನ್ನು ಮಾತ್ರ ಮಾಡಿಲ್ಲ. ಈಜುವ ಶಾಸ್ತ್ರವನ್ನು ದಡದಲ್ಲಿ ಕುಳಿತು ಕಂಠಪಾಠ ಮಾಡಿದಂತೆ ಇದು.

ಇದಕ್ಕೆ ದೊಡ್ಡ ಯೋಜನೆಗಳು ಬೇಕಾಗಿಲ್ಲ. ವಿಭಾಗದ ವಾಚನಾಲಯದಲ್ಲಿ ಒಂದು ಮೇಜು. ಅದರ ಮೇಲೆ ಆ ತಿಂಗಳು ಬಂದ ನಾಲ್ಕಾರು ಕನ್ನಡ ಪತ್ರಿಕೆಗಳು. ತಿಂಗಳಿಗೊಮ್ಮೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಅವುಗಳಿಂದ ತನಗೆ ಸಿಕ್ಕಿದ ಒಂದು ಕತೆಯನ್ನೋ ಕವಿತೆಯನ್ನೋ ಕುರಿತು ಒಂದು ಪುಟ ಬರೆಯಲಿ. ಅದಕ್ಕೆ ಅಂಕಗಳು ಬೇಡ, ಆಧಾರಗ್ರಂಥಗಳೂ ಬೇಡ. ಲೇಖಕರ ಹೆಸರನ್ನು ಮುಚ್ಚಿ ಓದಿದರೆ ಇನ್ನೂ ಒಳ್ಳೆಯದು. ಹೆಸರನ್ನು ನೋಡಿದ್ದರಿಂದ ನಾನು ಏನನ್ನು ಕಳೆದುಕೊಂಡೆನೆಂಬುದನ್ನು ಮೇಲೆ ಹೇಳಿದ್ದೇನೆ. ಆ ಪುಟಗಳನ್ನು ಅಧ್ಯಾಪಕರು ತಿದ್ದಬೇಕಾಗಿಲ್ಲ, ಜೋಪಾನವಾಗಿ ಇಟ್ಟರೆ ಸಾಕು. ಬರೆದವರೇ ಹತ್ತಿಪ್ಪತ್ತು ವರ್ಷಗಳ ಮೇಲೆ ಬಂದು ತಿದ್ದಿಕೊಳ್ಳುವರು.

ನನ್ನ ಟಿಪ್ಪಣಿ ಪುಸ್ತಕದ ಆ ಹಳೆಯ ಸಾಲನ್ನು ನಾನು ಹೊಡೆದುಹಾಕಿಲ್ಲ. ಅದರ ಕೆಳಗೆ ‘ಕಲೆಗಾರಿಕೆ ಇತ್ತು, ಓದು ಸಾಲದಾಗಿತ್ತು’ ಎಂದು ಬರೆದು, 2025 ಎಂದು ಇಸವಿ ಹಾಕಿದ್ದೇನೆ. ಮೂಲಪಾಠವನ್ನೂ ಪಾಠಾಂತರವನ್ನೂ ಒಂದೇ ಪುಟದಲ್ಲಿ ಉಳಿಸಿಕೊಳ್ಳುವುದು ಗ್ರಂಥಸಂಪಾದನೆಯ ನಿಯಮವಷ್ಟೆ.